ಹೊಳಿ ಬಂದಾಗ ಮನ್ಯಾಗ ಉಳಿದ ನಾಯಿ-ಬೆಕ್ಕು ಹುಡುಕಿ ತರೋದು ಹೆಂಗ?

ಹೊಳಿದಂಡಿ

ಎಲ್ಲಾರಿಗೂ ನಮಸ್ಕಾರ್ರಿ. ಕೃಷ್ಣಾ ದಂಡಿಮ್ಯಾಲಿನ ಊರುಗಳ ಸಲುವಾಗಿ ಕೇಳಾಕತ್ತೀನಿ. ಚಿಕ್ಕೋಡಿ, ರಾಯಬಾಗ, ಅಥಣಿ, ಜಮಖಂಡಿ ಕಡಿ ತಗ್ಗಿನ ಊರುಗಳು. 2019ರ ಆಗಸ್ಟ್‌ನ್ಯಾಗ ದೊಡ್ಡ ಹೊಳಿ ಬಂದು ಏನಾತು ಅನ್ನೋದು ಎಲ್ಲಾರಿಗೂ ಗೊತ್ತೈತಿ. ಹೊಳಿ ಏರಾಕ ಹತ್ತಿದ ಕೂಡ್ಲೆ ಜನ ದನಾ, ಎಮ್ಮಿ, ಆಡು ಟ್ರ್ಯಾಕ್ಟರಿಗೆ ಹೇರ್ಕೊಂಡು ಹೊಂಡ್ತಾರ. ನಾಯಿ, ಬೆಕ್ಕು ಹಿಂದ ಉಳೀತಾವ. "ನಾಳೆ ಬಂದು ನೋಡೂಣು" ಅಂತ ನಾಯಿನ ಕಟ್ಟೇ ಬಿಟ್ಟಿರ್ತಾರ, ಮರುದಿನ ದಾರೀನ ಇರೂದಿಲ್ಲ.

ಮಳಿಗಾಲಕ್ಕ ಮುಂಚೆ 8 ಹುಡುಗರ ತಂಡ ತಯಾರ್ ಮಾಡಬೇಕಾಗೈತಿ. ಅದರಾಗ ಇಬ್ಬರು ಮೀನುಗಾರರು, ಒಂದು ಹರಗೋಲು ಐತಿ. ನಾಯಿ ಹಿಡಿಯೋ ಕೋಲು, ಬೋನು ಏನೂ ಇಲ್ಲ. ಕೇಳೋದು ಇಷ್ಟು: ಯಾವ ಮನ್ಯಾಗ ಪ್ರಾಣಿ ಅದಾವ ಅಂತ ತಿಳಿಯೋದು ಹೆಂಗ? ಬೀಗ ಹಾಕಿದ ಮನಿಯೊಳಗ ಹೋಗಬಹುದಾ? ಹಿಡಿಯೋದು ಹೆಂಗ, ತಂದ ಮ್ಯಾಲೆ ಏನ್ ತಿನ್ನಸಬೇಕು? ಕಾಳಜಿ ಕೇಂದ್ರ ಅಂದ್ರ ಬಹುತೇಕ ಸಾಲಿ, ಅಲ್ಲಿ ನಾಯಿ ಬಿಟ್ಕೊಳ್ಳೂದಿಲ್ಲ. ಎಲ್ಲಿ ಇಡೋದು? ಬಲ್ಲವರು ಬಿಡಿಸಿ ಹೇಳ್ರಿ.

ನಾಡದೋಣಿ

ಹರಗೋಲಿನ ಮಾತು ಆಮೇಲೆ. ಮೊದಲ ಕೆಲಸ ಕಾಳಜಿ ಕೇಂದ್ರದ ಬಾಗಿಲಲ್ಲಿ. ಜನ ಟ್ರ್ಯಾಕ್ಟರ್ ಇಳಿಯುವ ಹೊತ್ತಿಗೆ ನಿಮ್ಮವರಿಬ್ಬರು ನೋಟ್‌ಬುಕ್ ಹಿಡಿದು ಅಲ್ಲಿ ನಿಂತಿರಬೇಕು. ಊರೆಲ್ಲ ತಿರುಗಿ "ಇಲ್ಲಿ ನಾಯಿ ಇದೆಯಾ" ಅಂತ ಹುಡುಕಿದರೆ ಇಡೀ ದಿನಕ್ಕೆ ಹತ್ತು ಮನೆ ಆಗುವುದಿಲ್ಲ. ಮನೆಯವರು ಹೇಳಿದರೆ ನೇರ ಆ ಗೋಡೆಗೇ ಹೋಗಿ ನಿಲ್ಲಬಹುದು.

ಪ್ರತಿ ಮನೆಗೆ ಒಂದು ಪುಟ. ಯಜಮಾನರ ಹೆಸರು, ಫೋನು, ಮನೆಯ ಗುರುತು (ಹನುಮಂತ ದೇವರ ಗುಡಿ ಹಿಂದೆ, ನೀಲಿ ಗೇಟು, ಆ ಥರ). ಪ್ರಾಣಿ ಎಷ್ಟು, ಬಣ್ಣ, ಕೂಗಿ ಕರೆಯುವ ಹೆಸರು. ಕಟ್ಟಿದೆಯಾ, ಒಳಗೆ ಕೂಡಿ ಹಾಕಿದೆಯಾ, ಬಿಟ್ಟಿದೆಯಾ. ಕಟ್ಟಿದ್ದರೆ ಎಲ್ಲಿ, ಸರಪಳಿಯೋ ಹಗ್ಗವೋ. ಹೊಸಬರನ್ನು ಕಡಿಯುತ್ತದಾ. ಮನೆಯಲ್ಲಿ ಇನ್ವರ್ಟರ್ ಇದೆಯಾ, ಆಫ್ ಮಾಡಿದ್ದಾರಾ. ಇಷ್ಟು ಬರೆದುಕೊಂಡು ಕೀಲಿಕೈ ಕೇಳಿ ಇಸಿದುಕೊಳ್ಳಿ, ಅದಕ್ಕೆ ಪುಟದ ನಂಬರಿನ ಚೀಟಿ ಕಟ್ಟಿ. ಕೀಲಿಕೈ ಕೈಗೆ ಬಂತೆಂದರೆ ಅರ್ಧ ತೊಂದರೆ ಅಲ್ಲೇ ಮುಗಿಯಿತು. ಕೀಲಿ ಕಳೆದಿದ್ದರೆ "ಬೀಗ ಒಡೆಯಲು ನನ್ನ ಒಪ್ಪಿಗೆ ಇದೆ" ಅಂತ ಯಜಮಾನರ ಬಾಯಲ್ಲೇ ವಾಟ್ಸಾಪ್ ವಾಯ್ಸ್ ಹಾಕಿಸಿಕೊಳ್ಳಿ. ಹಾಗೇ ಅವರು ದಿನಾ ಊಟಕ್ಕೆ ಹೇಗೆ ಕರೆಯುತ್ತಾರೋ ಅದೇ ದನಿಯಲ್ಲಿ 20 ಸೆಕೆಂಡು ಕರೆಸಿ ರೆಕಾರ್ಡ್ ಮಾಡಿಕೊಳ್ಳಿ, ತಾಟು ಬಡಿಯುವ ಸದ್ದೂ ಇರಲಿ. ಹೆದರಿ ಅಡಗಿರುವ ನಾಯಿಯನ್ನು ಹೊರಗೆ ತರುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಧನ ಇಲ್ಲ.

ಪುಟಗಳು ಸೇರಿದ ಮೇಲೆ ಸರದಿ ಹಚ್ಚಿ. ಕೆಳಗಿನ ಅಂತಸ್ತಿನಲ್ಲಿ ಕಟ್ಟಿರುವವು ಮೊದಲು, ಏಕೆಂದರೆ ಅವಕ್ಕೆ ಈಜಿಯೂ ಉಳಿಯಲು ಆಗದು. ನಂತರ ಒಳಗೆ ಕೂಡಿ ಹಾಕಿದವು. ನಂತರ ಆರ್‌ಸಿಸಿ ಮಾಳಿಗೆ ಮೇಲಿರುವವು. ಬಿಟ್ಟವು ಕೊನೆಗೆ. ಕೃಷ್ಣೆ ಏರುವುದೂ ನಿಧಾನ, ಇಳಿಯುವುದೂ ನಿಧಾನ, ಆದ್ದರಿಂದ ಮಾಳಿಗೆ ಮೇಲಿನ ನಾಯಿ ಹಸಿವಿನಿಂದ ಸಾಯುತ್ತದೆ. ಹಿಡಕಲ್‌ನಿಂದ ಬಿಟ್ಟ ಘಟಪ್ರಭಾ, ನವಿಲುತೀರ್ಥದಿಂದ ಬಿಟ್ಟ ಮಲಪ್ರಭಾ ನೀರು ಬೇಗ ಏರುತ್ತದೆ, ಅಲ್ಲಿ ಕಟ್ಟಿದ ನಾಯಿಗೆ ಸಮಯವೇ ಇಲ್ಲ. ಯಾವ ಹೊಳೆ ಅನ್ನುವುದರ ಮೇಲೆ ಸರದಿ ಬದಲಾಗುತ್ತದೆ.

ಅನುಮತಿ ವಿಷಯ: ಖಾಲಿ ಮಾಡಿಸಿದ ಊರಿಗೆ ಯಾರು ಹೋಗಬಹುದು ಅನ್ನುವುದು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಕೈಯಲ್ಲಿದೆ. ಈಗಲೇ, ಬಿಸಿಲಿರುವಾಗಲೇ, 8 ಜನರ ಹೆಸರು, ಫೋಟೋ, ಈಜು ಬರುತ್ತದೋ ಇಲ್ಲವೋ ಎಲ್ಲ ಬರೆದು ತಹಶೀಲ್ದಾರರಿಗೆ ಕೊಟ್ಟು ಬನ್ನಿ. ಅಗ್ನಿಶಾಮಕ ಠಾಣೆಗೂ ಒಂದು ಪ್ರತಿ. ಹೊಳೆ ಬಂದ ದಿನ ಜಿಲ್ಲಾ ವಿಪತ್ತು ಸಹಾಯವಾಣಿ 1077ಕ್ಕೆ ಫೋನ್ ಮಾಡಿ, ಯಾವ ಊರಿಗೆ ಎಷ್ಟು ಜನ ಹೋಗುತ್ತಿದ್ದೀರಿ, ಎಷ್ಟು ಗಂಟೆಗೆ ವಾಪಸು ಅಂತ ಹೇಳಿಯೇ ಹೊರಡಿ. ಎನ್‌ಡಿಆರ್‌ಎಫ್ ಅಥವಾ ಅಗ್ನಿಶಾಮಕದವರ ಬೋಟಿನಲ್ಲಿ ನಿಮ್ಮವರೊಬ್ಬರು ಪಟ್ಟಿ ಹಿಡಿದು ಹತ್ತಲು ಸಿಕ್ಕರೆ ನಿಮ್ಮ ಹರಗೋಲಿಗಿಂತ ಅದು ನೂರು ಪಾಲು ಮೇಲು.

ಬಾಗಿಲು ತೆರೆಯುವ ಮುಂಚೆ ಮೂರು ಅಪಾಯ ನೋಡಬೇಕು. ಒಂದು, ಕರೆಂಟು. ಹೆಸ್ಕಾಂನವರು ಫೀಡರ್ ಆಫ್ ಮಾಡಿದರೂ ಮನೆಯ ಇನ್ವರ್ಟರ್ ಬ್ಯಾಟರಿ ಜೀವಂತವಾಗಿರುತ್ತದೆ, ಅದರಿಂದ ನಡೆಯುವ ಸಾಕೆಟ್ ನೀರಿನಲ್ಲಿ ಮುಳುಗಿದ್ದರೆ ಕಾಲಿಟ್ಟವರಿಗೆ ಹೊಡೆಯುತ್ತದೆ. ಪುಟದಲ್ಲಿ ಇನ್ವರ್ಟರ್ ಅಂತ ಬರೆದಿದ್ದು ಇದಕ್ಕೇ. ಆಫ್ ಆಗಿದೆಯೆಂದು ಖಾತ್ರಿ ಇಲ್ಲದಿದ್ದರೆ ಆ ಮನೆಯ ನೀರಿಗೆ ಇಳಿಯಬೇಡಿ. ಎರಡು, ಗೋಡೆ. ಮಣ್ಣಿನ ಮಾಳಿಗೆ ಮನೆಗಳು ನೀರು ನಿಂತಾಗ ಬೀಳುವುದಕ್ಕಿಂತ ನೀರು ಇಳಿಯುವಾಗ ಹೆಚ್ಚು ಬೀಳುತ್ತವೆ. ಹೊರಗಿನ ನೀರಿನ ಆಸರೆ ಹೋಗುತ್ತದೆ, ಗೋಡೆಯೊಳಗಿನ ತೇವ ಹಾಗೇ ಉಳಿದಿರುತ್ತದೆ. ಗೋಡೆ ಉಬ್ಬಿದ್ದರೆ, ಜಂತಿ ಜಾರಿದ್ದರೆ ಒಳಗೆ ಹೋಗಬೇಡಿ, ಕಿಟಕಿಯಿಂದ ಆಹಾರ ಇಡಿ. ಮೂರು, ಹಾವು. ನಾಗರ, ಕೊಳಕುಮಂಡಲ ಎರಡೂ ಎತ್ತರ ಹುಡುಕಿಕೊಂಡು ಮಂಚ, ಕಪಾಟು, ಮೆಟ್ಟಿಲಿಗೆ ಬಂದು ಕೂತಿರುತ್ತವೆ. ಮೊಣಕಾಲುದ್ದದ ಗಂಬೂಟು ಹಾಕಿ, ಕೋಲಿನಿಂದ ತಟ್ಟುತ್ತಾ ಹೋಗಿ. ಮಂಚದ ಕೆಳಗೆ ಬರಿಗೈ ಹಾಕುವುದು ಬೇಡವೇ ಬೇಡ.

ಇಬ್ಬರು ಒಳಗೆ, ಒಬ್ಬರು ಬಾಗಿಲಲ್ಲಿ. ಬಾಗಿಲಿನವರು ಹೋಗಿದ್ದರಿಂದ ಬಂದದ್ದರವರೆಗೂ ಮೊಬೈಲಲ್ಲಿ ವಿಡಿಯೋ ಮಾಡಲಿ. ನಾಳೆ "ನಮ್ಮ ಬಂಗಾರ ಇತ್ತು" ಅನ್ನುವ ಮಾತು ಬಂದರೆ ತಂಡ ಉಳಿಯುವುದು ಈ ವಿಡಿಯೋದಿಂದ. ಹೊರಗೆ ಬಂದು ನೀರಿನ ಗೆರೆಗಿಂತ ಮೇಲೆ, ಬಣ್ಣದ ಮೇಣದ ಕಡ್ಡಿಯಲ್ಲಿ ಬರೆಯಿರಿ: "12/8 ಬೆ. 7, ನಾಯಿ 1 ತಂದಿದೆ, ಬೆಕ್ಕು 1 ಅಟ್ಟದಲ್ಲಿ, ಊಟ ಇಟ್ಟಿದೆ". ಸುಣ್ಣದ ಕಡ್ಡಿ ಒಂದು ಮಳೆಗೆ ಹೋಗುತ್ತದೆ.

ಇನ್ನು ಕಟ್ಟಿದ ನಾಯಿ. ಬಹಳ ಜನ ಮಾಡುವ ತಪ್ಪು ಇಲ್ಲೇ. ಹೋದ ಕೂಡಲೇ ಕನಿಕರದಿಂದ ಸರಪಳಿ ಬಿಚ್ಚುತ್ತಾರೆ, ನಾಯಿ ಹೆದರಿ ನೀರಿಗೆ ಹಾರುತ್ತದೆ. ಮೊದಲು ನಿಮ್ಮ ಹಗ್ಗ ಅದರ ಕೊರಳಿಗೆ ಬೀಳಬೇಕು, ಆಮೇಲೆ ಹಳೆಯದು ಬಿಚ್ಚಬೇಕು. ಹಗ್ಗ 8 ರಿಂದ 10 ಮಿಲಿಮೀಟರ್ ದಪ್ಪದ ಮೆತ್ತನೆ ಹತ್ತಿಯದು, 3 ಮೀಟರ್ ಉದ್ದ. ಒಂದು ತುದಿಗೆ ಸಣ್ಣ ಕಣ್ಣು ಮಾಡಿ, ಇನ್ನೊಂದು ತುದಿ ಅದರೊಳಗೆ ಹಾಯಿಸಿದರೆ ಕುಣಿಕೆ. ಕುಣಿಕೆಯ ಸುತ್ತಳತೆ ಒಂದೂವರೆ ಗೇಣಿಗಿಂತ ಕೆಳಗೆ ಬಿಗಿಯದಂತೆ ಒಳಗಡೆ ಒಂದು ತಡೆಗಂಟು ಹಾಕಿ, ಇಲ್ಲದಿದ್ದರೆ ಎಳೆದಾಡುವಾಗ ಉಸಿರು ಕಟ್ಟುತ್ತದೆ. ನೆನೆದ ಹಗ್ಗದ ಗಂಟು ಕೈಯಲ್ಲಿ ಬಿಚ್ಚಲು ಬರುವುದಿಲ್ಲ, ಉಬ್ಬಿ ಕಲ್ಲಾಗಿರುತ್ತದೆ. ಕುಡುಗೋಲಿನಂತೆ ಬಾಗಿದ ಸಣ್ಣ ಚಾಕು ಇರಲಿ, ಕೊರಳು ಮತ್ತು ಹಗ್ಗದ ನಡುವೆ ನಿಮ್ಮ ಬೆರಳು ಇಟ್ಟು ಹೊರಮುಖವಾಗಿ ಕತ್ತರಿಸಿ. ಸರಪಳಿಗೆ 18 ಇಂಚಿನ ಬೋಲ್ಟ್ ಕಟರ್ ಸಾಕು.

ದನದಡಾಕ್ಟರ್

ನಾಡದೋಣಿಯವರು ಹೊರಗಿನ ಅಪಾಯ ಹೇಳಿದ್ದಾರೆ. ಪ್ರಾಣಿ ಕೈಗೆ ಬಂದ ಮೇಲಿನ ಅಪಾಯ ಹೇಳುತ್ತೇನೆ, ಮೊದಲು ಮನುಷ್ಯರದ್ದು.

ತಂಡದ 8 ಜನರಿಗೂ ರೇಬಿಸ್ ಲಸಿಕೆ ಮುಂಚಿತವಾಗಿ ಆಗಿರಲೇಬೇಕು. 0, 7 ಮತ್ತು 21 ಅಥವಾ 28ನೇ ದಿನ, ಮೂರು ಡೋಸು. ಅಂದರೆ ಹೊಳೆ ಬಂದ ಮೇಲೆ ಓಡಿದರೆ ಆಗುವುದಿಲ್ಲ, ಮೇ ತಿಂಗಳಲ್ಲೇ ಶುರು ಮಾಡಿ. ಹೀಗೆ ಪೂರ್ತಿ ತೆಗೆದುಕೊಂಡವರಿಗೆ ಮುಂದೆ ಕಡಿತವಾದರೆ 0 ಮತ್ತು 3ನೇ ದಿನ ಎರಡೇ ಡೋಸು ಸಾಕು, ಸೀರಮ್ (ರೇಬಿಸ್ ಪ್ರತಿಕಾಯದ ಚುಚ್ಚುಮದ್ದು) ಬೇಕಿಲ್ಲ. ತೆಗೆದುಕೊಳ್ಳದವರಿಗೆ ಪೂರ್ತಿ ಕೋರ್ಸು, ಚರ್ಮ ಸೀಳಿ ರಕ್ತ ಬಂದ ಗಾಯಕ್ಕೆ ಸೀರಮ್ಮೂ ಬೇಕು. ದಾರಿ ಕಡಿದುಹೋದ ಊರಿನಲ್ಲಿ ಅದನ್ನು ಎಲ್ಲಿಂದ ತರುತ್ತೀರಿ? ಕಡಿತ ಅಥವಾ ಪರಚಿದ ಗಾಯವನ್ನು ಸೋಪು ಹಚ್ಚಿ ಹರಿಯುವ ಶುದ್ಧ ನೀರಿನಲ್ಲಿ 15 ನಿಮಿಷ ತೊಳೆಯಿರಿ, ಗಡಿಯಾರ ನೋಡಿಕೊಂಡೇ. ಆಮೇಲೆ ಪೊವಿಡೋನ್ ಅಯೋಡಿನ್. ಅರಿಶಿನ, ಸುಣ್ಣ, ಖಾರದಪುಡಿ ಏನೂ ಬೇಡ. ಅದೇ ದಿನ ಆಸ್ಪತ್ರೆ. ಬೆಕ್ಕಿನದ್ದೂ ಲೆಕ್ಕಕ್ಕೆ ಬರುತ್ತದೆ, "ಬೆಕ್ಕು ತಾನೆ" ಅಂತ ಬಿಡಬೇಡಿ.

ಇಲಿಜ್ವರ ಎರಡನೆಯದು. ನೆರೆ ನೀರಿನಲ್ಲಿ ಇಲಿ, ದನ, ನಾಯಿಗಳ ಮೂತ್ರ ಬೆರೆತಿರುತ್ತದೆ, ಒಡೆದ ಹಿಮ್ಮಡಿಯಿಂದಲೂ ರೋಗಾಣು ಒಳಗೆ ಹೋಗುತ್ತದೆ. ಗಂಬೂಟು, ರಬ್ಬರ್ ಕೈಗವಸು ತೆಗೆಯಬೇಡಿ. ದಿನಗಟ್ಟಲೆ ನೀರಿನಲ್ಲಿ ನಿಲ್ಲುವವರಿಗೆ ವೈದ್ಯರು ವಾರಕ್ಕೊಮ್ಮೆ 200 ಮಿಲಿಗ್ರಾಂ ಡಾಕ್ಸಿಸೈಕ್ಲಿನ್ ಕೊಡುವುದುಂಟು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ, ಗರ್ಭಿಣಿಯರಿಗೆ ಅದು ಆಗದು.

ಈಗ ಪ್ರಾಣಿ. ಬಂದ ಕೂಡಲೇ ಊಟದ ತಟ್ಟೆ ಇಡಬೇಡಿ. ಮೊದಲು ಡಿಜಿಟಲ್ ಥರ್ಮಾಮೀಟರ್ ತುದಿಗೆ ಎಣ್ಣೆ ಸವರಿ ಗುದದಲ್ಲಿ 2 ಸೆಂಟಿಮೀಟರ್ ಇಟ್ಟು ನೋಡಿ. ನಾಯಿಯ ಸಹಜ ಶಾಖ 101 ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್, ಬೆಕ್ಕಿನದ್ದೂ ಹೆಚ್ಚುಕಡಿಮೆ ಅಷ್ಟೇ. 99ಕ್ಕಿಂತ ಕೆಳಗಿದ್ದರೆ ಒಣಬಟ್ಟೆಯಲ್ಲಿ ಒರೆಸಿ, ಕಂಬಳಿ ಸುತ್ತಿ, ಬೆಚ್ಚಗಿನ ನೀರಿನ ಬಾಟಲಿಗೆ ಟವೆಲ್ ಸುತ್ತಿ ಎದೆ-ಹೊಟ್ಟೆಯ ಪಕ್ಕ ಇಡಿ. ಕಾಲು ತಿಕ್ಕಬೇಡಿ, ಬೆಂಕಿ ಮುಂದೆ ಕೂರಿಸಬೇಡಿ. ಹಾಗೆ ಮಾಡಿದರೆ ಕಾಲಿನ ತಣ್ಣನೆ ರಕ್ತ ಒಮ್ಮೆಲೇ ಹೃದಯಕ್ಕೆ ಹೋಗುತ್ತದೆ. ಮೈ ಬೆಚ್ಚಗಾಗುವ ಮುಂಚೆ ಹೊಟ್ಟೆಗೆ ಹಾಕಿದ್ದು ಅರಗುವುದೂ ಇಲ್ಲ.

ಬಳಿಕ ನೀರು. ಹೆಗಲ ಮೇಲಿನ ಚರ್ಮ ಎತ್ತಿ ಬಿಡಿ, ಗುಡಾರದ ಹಾಗೆ ನಿಂತೇ ಇದ್ದರೆ ನೀರಿಲ್ಲದೆ ಒಣಗಿದೆ ಎಂದರ್ಥ. ಒಸಡನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಬಿಳಿಚಿದ ಜಾಗ 2 ಸೆಕೆಂಡಿನೊಳಗೆ ಕೆಂಪಾಗಬೇಕು, ಆಗದಿದ್ದರೆ ಡ್ರಿಪ್ ಬೇಕು, ತಕ್ಷಣ 1962ಕ್ಕೆ ಕರೆ ಮಾಡಿ ಪಶು ಸಂಜೀವಿನಿ ವಾಹನ ಕೇಳಿ. ಎದ್ದು ಕೂತಿರುವ 10 ಕಿಲೋ ನಾಯಿಗೆ 50 ಮಿಲಿಲೀಟರ್‌ನಂತೆ 15-20 ನಿಮಿಷಕ್ಕೊಮ್ಮೆ, ಎರಡು ತಾಸು. ಬಕೆಟ್ ಮುಂದಿಟ್ಟರೆ ಗಟಗಟ ಕುಡಿದು ವಾಂತಿ ಮಾಡಿ ಇನ್ನೂ ಒಣಗುತ್ತದೆ.

ಊಟದಲ್ಲೇ ಜನ ಕೈ ಸುಟ್ಟುಕೊಳ್ಳುವುದು. ಎರಡು ದಿನ ಉಪವಾಸವಿದ್ದ ನಾಯಿಗೆ ದೊಡ್ಡ ತೊಂದರೆ ಇಲ್ಲ, ಸ್ವಲ್ಪ ಸ್ವಲ್ಪ ಹಾಕಿದರಾಯಿತು. ಐದು ದಿನ ದಾಟಿದ್ದರೆ ಕಥೆಯೇ ಬೇರೆ. ಅಷ್ಟು ದಿನ ಅದರ ಮೈ ತನ್ನ ಕೊಬ್ಬು, ಮಾಂಸ ಕರಗಿಸಿ ಬದುಕಿರುತ್ತದೆ. ಒಮ್ಮೆಲೇ ಹಾಲು-ಅನ್ನ, ಹಾಲು-ರೊಟ್ಟಿ, ಬಿಸ್ಕೀಟು ಕೊಟ್ಟರೆ ಇನ್ಸುಲಿನ್ ಉಕ್ಕಿ ರಕ್ತದಲ್ಲಿರುವ ರಂಜಕ (ಫಾಸ್ಫರಸ್), ಪೊಟ್ಯಾಶಿಯಂ ಎಲ್ಲ ಜೀವಕೋಶದೊಳಗೆ ಹೋಗಿಬಿಡುತ್ತದೆ. ಹೃದಯ, ಉಸಿರಾಟದ ಸ್ನಾಯು ಸೋಲುತ್ತವೆ. ಮೊದಲ ದಿನ ಚೆನ್ನಾಗಿ ತಿಂದ ನಾಯಿ ಎರಡನೆಯ-ಮೂರನೆಯ ದಿನ ನಡುಗಿ, ಏದುಸಿರು ಬಿಟ್ಟು ಸಾಯುವುದು ಹೀಗೆ. ಪ್ರೀತಿಯಿಂದ ಕೊಟ್ಟ ಊಟವೇ ಕೊಂದಿರುತ್ತದೆ, ಯಾರಿಗೂ ಗೊತ್ತೇ ಆಗಿರುವುದಿಲ್ಲ.

ಲೆಕ್ಕ ಸುಲಭ: ತೂಕವನ್ನು 30ರಿಂದ ಗುಣಿಸಿ 70 ಕೂಡಿಸಿ. 15 ಕಿಲೋ ನಾಯಿಗೆ 520 ಕ್ಯಾಲೊರಿ. ಮೊದಲ ದಿನ ಅದರ ಕಾಲುಭಾಗ, ಅಂದರೆ ಸುಮಾರು 130. ಒಂದು ಬೇಯಿಸಿದ ಮೊಟ್ಟೆ ಸುಮಾರು 70. ಹಾಗಾಗಿ ಎರಡು ಮೊಟ್ಟೆ ಹಿಸುಕಿ ಐದು ಸಲಕ್ಕೆ ಹಂಚಿ, ಅಷ್ಟೇ, ಇಡೀ ದಿನಕ್ಕೆ. ಎರಡನೆಯ ದಿನ ಅರ್ಧ, ಮೂರನೆಯ ದಿನ ಮುಕ್ಕಾಲು, ನಾಲ್ಕು-ಐದಕ್ಕೆ ಪೂರ್ತಿ. ಮೊಟ್ಟೆ, ಬೇಯಿಸಿದ ಕೋಳಿ ಹೆಚ್ಚು, ಅನ್ನ ಕಡಿಮೆ. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರು ಬೇಡ, ಅದು ರಕ್ತದ ಕೆಂಪುಕಣ ಒಡೆಯುತ್ತದೆ. ಕಾಳಜಿ ಕೇಂದ್ರದಲ್ಲಿ ಉಳಿದ ಸಾಂಬಾರ್ ಅನ್ನ ತಂದು ಸುರಿಯುವವರನ್ನು ನಯವಾಗಿ ತಡೆಯಿರಿ.

ಕಾಲಿನ ಸಂದು ಬಿಳಿಚಿ ಕೊಳೆತಿದ್ದರೆ ಒಣಗಿಸುವುದೇ ಔಷಧಿ. ಪೊವಿಡೋನನ್ನು ಟೀ ಬಣ್ಣಕ್ಕೆ ತೆಳು ಮಾಡಿ ತೊಳೆದು, ಒರೆಸಿ, ಒಣ ಗೋಣಿ ಮೇಲೆ ಬಿಡಿ. ಹುಳ ಬಿದ್ದ ಗಾಯಕ್ಕೆ ಪೆಟ್ರೋಲ್, ಫಿನಾಯಿಲ್, ನುಸಿಗುಳಿಗೆ ಪುಡಿ ಹಾಕುವುದನ್ನು ಇನ್ನಾದರೂ ಬಿಡೋಣ. ನೆಕ್ಕಿದ ಪ್ರಾಣಿ ಸಾಯಬಹುದು, ಬೆಕ್ಕಿಗಂತೂ ಅಪಾಯ ಹೆಚ್ಚು.

ಹೊಳಿದಂಡಿ

ಡಾಕ್ಟರ್ ಸಾಹೇಬ್ರ, ಊಟದ್ದು ಇಷ್ಟು ಸೂಕ್ಷ್ಮ ಅಂತ ಗೊತ್ತಿರಲಿಲ್ರಿ. ನಾವು ಬಂದ ಕೂಡ್ಲೆ ಹಾಲು-ರೊಟ್ಟಿ ಹಾಕೂದ ಪುಣ್ಯ ಅಂತ ತಿಳ್ಕೊಂಡಿದ್ವಿ.

ಇನ್ನೆರಡು ಕೇಳ್ತೀನಿ. ಬೋಟ್ ಹತ್ರ ಬಂದ್ರ ಮಾಳಿಗಿ ಮ್ಯಾಲಿನ ನಾಯಿ ಬೊಗಳಿ ಬೊಗಳಿ ಹಿಂದ ಸರೀತೈತಿ, ಬರೂದ ಇಲ್ಲ. ಅದಕ್ಕೇನ್ ಮಾಡೂದು? ಮತ್ತ ಬೆಕ್ಕು ಹಿಡಿಯೋದು ಬಲ್ಲವರು ಯಾರಾದ್ರೂ ಅದೀರಿ ಏನ್ರಿ?

ಬೆಕ್ಕಿನಬುಟ್ಟಿ

ಬೆಕ್ಕಿನ ವಿಷಯ ನಾನು ಹೇಳ್ತೀನಿ ಅಣ್ಣಾ. ನಾಯಿ ಹುಡುಕೋ ಬುದ್ಧಿ ಇಟ್ಕೊಂಡು ಬೆಕ್ಕು ಹುಡುಕೋಕೆ ಹೋದ್ರೆ ಸಿಗಲ್ಲ. ನಾಯಿ ಬೊಗಳುತ್ತೆ, ಬೆಕ್ಕು ಸುಮ್ಮನಿರುತ್ತೆ. ಸಾಕಿದವರೇ ಬಂದು ಕರೆದ್ರೂ ಉಸಿರು ಬಿಡಲ್ಲ. "ಕರೆದ್ವಿ, ಇಲ್ಲ" ಅಂತ ವಾಪಸ್ ಬಂದ ಮನೆಯಲ್ಲೇ ಬೆಕ್ಕು ಇರುತ್ತೆ.

ನೋಡಬೇಕಾದ ಜಾಗ ಎಲ್ಲಾ ಮೇಲಕ್ಕೆ: ಅಟ್ಟ, ಲಾಫ್ಟು, ಕಪಾಟಿನ ನೆತ್ತಿ, ಮಡಚಿಟ್ಟ ಹಾಸಿಗೆಗಳ ಸಂದು, ಜೋಳದ ಕಣಜದ ಮೇಲೆ, ಹೆಂಚಿನ ಕೆಳಗಿನ ತೊಲೆ. ಒಳಗೆ ಹೋದ ತಕ್ಷಣ ಬಾಗಿಲು, ಕಿಟಕಿ ಮುಚ್ಚಿ. ಮೂರು ನಿಮಿಷ ಪೂರ್ತಿ ಸುಮ್ಮನೆ ನಿಂತ್ಕೊಳ್ಳಿ, ಮೊಬೈಲೂ ಸೈಲೆಂಟು. ಆಮೇಲೆ ಟಾರ್ಚನ್ನ ಕೈ ಕೆಳಗೆ ಇಳಿಬಿಟ್ಟು ಹಿಡೀಬೇಡಿ, ನಿಮ್ಮ ಕಣ್ಣಿನ ಪಕ್ಕಕ್ಕೆ ಹಿಡಿದು ನಿಧಾನಕ್ಕೆ ತಿರುಗಿಸಿ. ಆಗ ಮಾತ್ರ ಬೆಕ್ಕಿನ ಕಣ್ಣಿನ ಹಸಿರು ಹೊಳಪು ನೇರ ನಿಮ್ಮ ಕಣ್ಣಿಗೆ ವಾಪಸ್ ಬರುತ್ತೆ. ಹಗಲಲ್ಲೂ ಅಟ್ಟದ ಕತ್ತಲಲ್ಲಿ ಇದು ಕೆಲಸ ಮಾಡುತ್ತೆ.

ಕೈಗೆಟುಕಿದ್ರೆ ದಪ್ಪ ಟವೆಲ್ ಮೇಲಿಂದ ಹಾಕಿ ತಲೆ ಸಮೇತ ಸುತ್ತಿ, ನಾಲ್ಕೂ ಕಾಲು ಒಳಗೆ ಬರೋ ಹಾಗೆ ಎದೆಗೆ ಒತ್ತಿ ಹಿಡೀರಿ. ತೋಳಲ್ಲಿ ಎತ್ಕೊಂಡು ಬೋಟ್ ಹತ್ತಬೇಡಿ, ಇಂಜಿನ್ ಸದ್ದಿಗೆ ಹಾರಿ ಹೋಗುತ್ತೆ. ಬೆಕ್ಕಿನ ಬುಟ್ಟಿಗೆ ದುಡ್ಡಿಲ್ಲ ಅಂದ್ರೆ ತರಕಾರಿ ಮಾರ್ಕೆಟ್ಟಿನ ಪ್ಲಾಸ್ಟಿಕ್ ಕ್ರೇಟು ಎರಡು ತಗೊಳ್ಳಿ. ಒಂದರ ಬಾಯಿಗೆ ಇನ್ನೊಂದನ್ನ ಕವುಚಿ, ಉದ್ದದ ಎರಡೂ ಬದಿಗೆ ಮೂರು ಮೂರು, ಅಗಲಕ್ಕೆ ಎರಡೆರಡು ಪ್ಲಾಸ್ಟಿಕ್ ಟ್ಯಾಗ್ ಬಿಗೀರಿ. ಒಂದು ಉದ್ದದ ಬದಿ ಮೊದಲೇ ಬಿಗಿದಿಟ್ಟಿದ್ರೆ ಪೆಟ್ಟಿಗೆ ಮುಚ್ಚಳದ ಹಾಗೆ ತೆರೆದು ಮುಚ್ಚಬಹುದು. ಒಳಗೆ ಗೋಣಿ, ಮೇಲೆ ಹಳೇ ಸೀರೆ ಹೊದಿಸಿ, ಕತ್ತಲಾದ್ರೆ ಬೆಕ್ಕು ಶಾಂತವಾಗುತ್ತೆ. ಒಂದು ಕ್ರೇಟಿಗೆ ಒಂದೇ ಬೆಕ್ಕು, ಒಂದೇ ಮನೆ ಬೆಕ್ಕಾದ್ರೂ ಸರಿ. ಹೆದರಿದಾಗ ಅಣ್ಣ-ತಂಗಿಯನ್ನೂ ಹರಿದು ಹಾಕುತ್ತೆ.

ಕೈಗೆ ಸಿಗದಿದ್ರೆ ಬೋನು. 30 ರಿಂದ 36 ಇಂಚು ಉದ್ದದ್ದು ಬೇಕು, ಹೆಗ್ಗಣದ ಬೋನು ಸಾಲಲ್ಲ, ಬಾಲದ ಮೇಲೆ ಬಾಗಿಲು ಬಿದ್ದು ಬೆಕ್ಕು ಹಿಂದಕ್ಕೆ ಎಳ್ಕೊಂಡು ಹೋಗುತ್ತೆ. ತಂತಿ ತಳಕ್ಕೆ ಪೇಪರ್ ಹಾಸಿ, ಮೂರು ಕಡೆ ಗೋಣಿ ಮುಚ್ಚಿ. ಆಹಾರ ತುಳಿಯೋ ತಗಡಿನಿಂದ ಆಚೆಗೆ, ಹಿಂಬದಿಗೆ ತಾಗಿ ಇಡಬೇಕು. ಮುಂದೆ ಇಟ್ರೆ ತುಳಿಯದೇ ತಿಂದು ಹೋಗುತ್ತೆ. ಒಣಮೀನಿನ ವಾಸನೆ ದೂರ ಹೋಗುತ್ತೆ. ಮೀನು ಮುಟ್ಟದ ಮನೆಯಾದ್ರೆ ಬಿಸಿ ತುಪ್ಪ ಸವರಿದ ಚಪಾತಿ ಇಡಿ, ಮನೆಯವರಿಗೂ ಬೇಸರ ಆಗಲ್ಲ. ತುಂಬಾ ಹೆದರಿರೋ ಬೆಕ್ಕಿಗೆ ಒಂದೆರಡು ದಿನ ಬೋನಿನ ಬಾಗಿಲು ತಂತಿಯಿಂದ ಕಟ್ಟಿ ತೆರೆದೇ ಇಟ್ಟು ಅಲ್ಲೇ ಊಟ ಹಾಕಿ, ಆಮೇಲೆ ಹೂಡಿ. ಹೂಡಿದ ಬೋನನ್ನ ಒಂದೆರಡು ತಾಸಿಗೊಮ್ಮೆ ನೋಡಲೇಬೇಕು. ನೀರು ಏರ್ತಿರೋ ಊರಲ್ಲಿ ರಾತ್ರಿ ಹೂಡಿ ಬರಬೇಡಿ. ಮುಳುಗಿದ ಬೋನಿನೊಳಗೆ ಬೆಕ್ಕಿಗೆ ಎಲ್ಲಿಗೆ ಹೋಗೋಕಾಗುತ್ತೆ?

ದನದಡಾಕ್ಟರ್

ಇದಕ್ಕೆ ಒಂದು ಸೇರಿಸುತ್ತೇನೆ. ಬೆಕ್ಕು ಮೂರು ದಿನ ತಿನ್ನದಿದ್ದರೆ, ಅದರಲ್ಲೂ ದಪ್ಪಗಿದ್ದದ್ದು, ಮೈಯ ಕೊಬ್ಬೆಲ್ಲ ಯಕೃತ್ತಿಗೆ ಬಂದು ತುಂಬಿಕೊಳ್ಳುತ್ತದೆ. ನಾಯಿಯ ಹಾಗೆ "ಹಸಿವಾದಾಗ ತಿನ್ನಲಿ" ಅಂತ ಕಾಯುವಂತಿಲ್ಲ. ತಂದ ಮೇಲೆ 24 ತಾಸು ಏನೂ ಮುಟ್ಟದಿದ್ದರೆ, ಅಥವಾ ಕಿವಿಯ ಒಳಭಾಗ, ಒಸಡು ಹಳದಿಯಾಗಿ ಕಂಡರೆ ವೈದ್ಯರೇ ಬೇಕು. ಲೆಕ್ಕ ಅದೇ: 4 ಕಿಲೋ ಬೆಕ್ಕಿಗೆ 190 ಕ್ಯಾಲೊರಿ, ಮೊದಲ ದಿನ ಅದರ ಕಾಲುಭಾಗ, ಸುಮಾರು 50. ತಾಯಿಯಿಲ್ಲದ ಮರಿಗಳಿಗೆ ಆಕಳ ಹಾಲು ಕೊಟ್ಟರೆ ಬೇಧಿ ಶುರುವಾಗಿ ಬೇಗ ಸಾಯಬಹುದು. ಬೆಚ್ಚಗಿಟ್ಟು ಪಶುವೈದ್ಯರ ಬಳಿಗೆ ಬೇಗ ತಲುಪಿಸಿ.

ನಾಡದೋಣಿ

ಮಾಳಿಗೆ ನಾಯಿಯ ಪ್ರಶ್ನೆಗೆ: ಗಟ್ಟಿ ಆರ್‌ಸಿಸಿ ಮೇಲೆ, ನೀರಿನಿಂದ ಎತ್ತರದಲ್ಲಿ, ಎದ್ದು ಓಡಾಡುತ್ತಿರುವ ನಾಯಿಗೆ ಆ ಹೊತ್ತಿನ ಅಪಾಯ ನೀರಲ್ಲ, ನೀವು. ಬೆನ್ನು ಹತ್ತಿದರೆ ಹರಿವಿಗೆ ಹಾರುತ್ತದೆ. ಕೊನೆಯ 10 ಮೀಟರ್ ಇಂಜಿನ್ ಬಂದ್ ಮಾಡಿ, ಹುಟ್ಟು ಹಾಕುತ್ತಾ ಹರಿವಿನ ಕೆಳಗಿನಿಂದ ಮೇಲ್ಮುಖವಾಗಿ ಬನ್ನಿ. ಆಗ ದೋಣಿ ನಿಮ್ಮ ಹಿಡಿತದಲ್ಲಿರುತ್ತದೆ, ಗೋಡೆಗೆ ಅಪ್ಪಳಿಸುವುದಿಲ್ಲ. ಮನೆಯವರ ದನಿ ಹಾಕಿ. ಒಬ್ಬರೇ ಹತ್ತಿ, ಅಡ್ಡಲಾಗಿ ಕೂತು, ಕಣ್ಣಲ್ಲಿ ಕಣ್ಣಿಟ್ಟು ನೋಡದೆ, ತುಂಡು ತುಂಡು ಮೊಟ್ಟೆ ಎಸೆಯಿರಿ. ಹತ್ತು ಹದಿನೈದು ನಿಮಿಷದಲ್ಲಿ ಬರಲಿಲ್ಲವೆಂದರೆ ಆಹಾರ, ನೀರು ಬಿಟ್ಟು ಹೊರಡಿ. 15 ಕಿಲೋ ನಾಯಿಗೆ ದಿನಕ್ಕೆ ಹೆಚ್ಚುಕಡಿಮೆ 1 ಲೀಟರ್ ನೀರು, ಆದ್ದರಿಂದ 5 ಲೀಟರಿನ ಬಕೆಟ್ ನೀರಿನ ಟ್ಯಾಂಕಿನ ನೆರಳಿಗೆ ಕಟ್ಟಿ ಇಡಿ, ಗಾಳಿಗೆ ಮಗುಚಬಾರದು. ಒಣ ಆಹಾರ ದಿನಕ್ಕೆ 200 ರಿಂದ 250 ಗ್ರಾಂ, ಮಳೆ ತಾಗದ ಕಡೆ. ಐದಾರು ದಿನದ ಉಪವಾಸ ಅಂತ ಗೊತ್ತಿದ್ದರೆ ಡಾಕ್ಟರು ಹೇಳಿದಂತೆ ಅಳೆದೇ ಇಡಿ. ಮರುದಿನ ಅದೇ ಹೊತ್ತಿಗೆ, ಅದೇ ಮನುಷ್ಯ. ಎರಡು-ಮೂರನೆಯ ಸಲಕ್ಕೆ ಬಹುತೇಕ ನಾಯಿಗಳು ಕಾಯುತ್ತಾ ನಿಂತಿರುತ್ತವೆ.

ಹರಗೋಲು ತಳ ದುಂಡಗೆ. ನಾಯಿ ಒಂದು ಬದಿಗೆ ಸರಿದರೆ ಎಲ್ಲರೂ ನೀರಿಗೆ. ಒಂದು ಸಲಕ್ಕೆ ಒಂದೇ ನಾಯಿ, ಅದೂ ಕ್ರೇಟಿನೊಳಗೆ ಅಥವಾ ನಡುವೆ ಗೋಣಿ ಹಾಸಿ ಒಬ್ಬರು ತೊಡೆ ನಡುವೆ ಕೂರಿಸಿಕೊಂಡು. ಹರಿವು ಜೋರಿದ್ದ ಕಡೆ ಹರಗೋಲೇ ಬೇಡ. ರಬ್ಬರ್ ಬೋಟಿನಲ್ಲಿ ಉಗುರಿನ ಭಯ, ತಳಕ್ಕೆ ದಪ್ಪ ತಾಡಪತ್ರಿ ಹಾಸಿ. ಯಾವ ಕಾರಣಕ್ಕೂ ನಾಯಿಯ ಹಗ್ಗ ದೋಣಿಗೆ ಕಟ್ಟಬೇಡಿ. ದೋಣಿ ಮಗುಚಿದರೆ ಅದರ ಜೊತೆ ಮುಳುಗುತ್ತದೆ. ಬಾಯಿಗೆ ಕಟ್ಟುವುದಿದ್ದರೆ 1 ಮೀಟರ್ ಬ್ಯಾಂಡೇಜ್ ಬಟ್ಟೆ: ಮೂತಿ ಮೇಲೆ ಒಂದು ಸುತ್ತು, ಗದ್ದದ ಕೆಳಗೆ ಅಡ್ಡ ಹಾಯಿಸಿ, ಕಿವಿಯ ಹಿಂದೆ ಎಳೆದರೆ ಬಿಚ್ಚುವ ಗಂಟು. ತೇಕುತ್ತಿರುವ, ವಾಂತಿ ಮಾಡುತ್ತಿರುವ ನಾಯಿಗೆ ಕಟ್ಟಬಾರದು. ದಡ ಮುಟ್ಟಿದ ಕೂಡಲೇ ಬಿಚ್ಚಿ.

ಜೀವರಕ್ಷಕ ಜಾಕೆಟ್ ಇಲ್ಲದ ಒಬ್ಬನೂ ದೋಣಿ ಹತ್ತಬಾರದು, ಮೀನುಗಾರರೂ ಸೇರಿ. ಈಜು ಬರುತ್ತದೆ ಅನ್ನುವ ಧೈರ್ಯವೇ ನೆರೆ ನೀರಿನಲ್ಲಿ ಮುಳುಗಿಸುವುದು.

ಇರಿಸುವ ಜಾಗಕ್ಕೆ ಎಪಿಎಂಸಿ ಪ್ರಾಂಗಣದ ಶೆಡ್ ಅಥವಾ ಶಾಲೆಯ ಸೈಕಲ್ ಸ್ಟ್ಯಾಂಡ್ ಈಗಲೇ ಬರೆದು ಕೇಳಿ. ಮಲಗುವ ಜಾಗದಿಂದ ದೂರ, ಆದರೆ ಮನೆಯವರು ದಿನಾ ನಡೆದು ಬಂದು ನೋಡುವಷ್ಟು ಹತ್ತಿರ ಇರಲಿ. ಪ್ರಾಣಿ ಸುರಕ್ಷಿತ ಅಂತ ಕಣ್ಣಾರೆ ಕಂಡರೆ ಜನ ಕದ್ದು ವಾಪಸ್ ಊರಿಗೆ ಹೋಗುವುದಿಲ್ಲ. ಅಧಿಕಾರಿಗಳಿಗೆ ಒಪ್ಪಿಸಲು ಇದೇ ಮಾತು ಹೇಳಿ. ಕತ್ರಿನಾ ಚಂಡಮಾರುತದಲ್ಲಿ ಪ್ರಾಣಿ ಬಿಟ್ಟು ಬರಲೊಲ್ಲದೆ ಎಷ್ಟೋ ಜನ ಮನೆಯಲ್ಲೇ ಉಳಿದಿದ್ದರಿಂದ ಅಮೆರಿಕ 2006ರಲ್ಲಿ ಸಾಕುಪ್ರಾಣಿಗಳನ್ನೂ ಸ್ಥಳಾಂತರ ಯೋಜನೆಗೆ ಸೇರಿಸುವ ಕಾನೂನೇ ತಂದಿತು.

ಕಾಫಿತೋಟ

ಹೊಳೆಯ ಲೆಕ್ಕ ಗುಡ್ಡ ಕುಸಿತಕ್ಕೆ ಹಾಕಬೇಡಿ ಅಂತ ಹೇಳುವುದಕ್ಕಷ್ಟೇ ಬರೆಯುತ್ತಿದ್ದೇನೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲ ಕಡೆ ಆದ ಹಾಗೆ ಕುಸಿದ ಜಾಗ ಮತ್ತೆ ಕುಸಿಯುತ್ತದೆ. ಅಲ್ಲಿ ನಾವು ಪ್ರಾಣಿಯ ಹತ್ತಿರ ಹೋಗುವುದಲ್ಲ, ಪ್ರಾಣಿಯನ್ನು ಗಟ್ಟಿ ನೆಲಕ್ಕೆ ಬರಿಸಿಕೊಳ್ಳಬೇಕು. ನಾಯಿಗಳು ಮನೆಯಿದ್ದ ಜಾಗಕ್ಕೇ, ಲೈನ್ ಮನೆಯ (ತೋಟದ ಕೆಲಸದವರ ಸಾಲುಮನೆ) ಅಂಗಳಕ್ಕೇ ತಿರುಗಿ ತಿರುಗಿ ಬರುತ್ತವೆ. ಸುರಕ್ಷಿತ ಅಂತ ಗುರುತಿಸಿದ ರಸ್ತೆಯ ಅಂಚಿನಲ್ಲಿ ದಿನಾ ಒಂದೇ ಹೊತ್ತಿಗೆ ಊಟ ಇಟ್ಟು, ಮನೆಯವರ ಹಾಸುಬಟ್ಟೆ ಹಾಕಿ ಕಾಯಿರಿ. ತೋಡಿನ (ಹಳ್ಳದ) ನೀರು ಇದ್ದಕ್ಕಿದ್ದಂತೆ ಕೆಂಪಾದರೆ, ಅಥವಾ ಮಳೆ ಬರುತ್ತಿದ್ದರೂ ನೀರು ಕಡಿಮೆಯಾದರೆ, ಮರ ವಾಲಿದರೆ, ನೆಲದಲ್ಲಿ ಹೊಸ ಬಿರುಕು ಕಂಡರೆ ಆ ಕ್ಷಣವೇ ಪಕ್ಕಕ್ಕೆ, ಇಳಿಜಾರಿನ ದಾರಿಯಿಂದ ಹೊರಗೆ ಓಡಿ. ತೋಡಿನ ನೀರು ಕಡಿಮೆಯಾಯಿತೆಂದರೆ ಮೇಲೆ ಎಲ್ಲೋ ಮಣ್ಣು ಕಟ್ಟಿಕೊಂಡಿದೆ, ಅದು ಒಡೆಯುತ್ತದೆ.

ಬೆಕ್ಕಿನಬುಟ್ಟಿ

ಮನೆಯವರಿಗೆ ವಾಪಸ್ ಕೊಡೋದ್ರಲ್ಲೂ ಜಗಳ ಆಗುತ್ತೆ, ಒಂದು ರೂಢಿ ಇಟ್ಕೊಳ್ಳಿ. ಪ್ರತಿ ಪ್ರಾಣಿಗೆ ಮುಖ, ಎಡ, ಬಲ ಮೂರು ಫೋಟೋ, ಸಿಕ್ಕ ಜಾಗ, ದಿನ, ಹೊತ್ತು. ಗ್ರೂಪಿಗೆ ಹಾಕುವಾಗ ಒಂದೇ ಫೋಟೋ ಹಾಕಿ, ಒಂದು ಗುರುತು ಮುಚ್ಚಿಡಿ. ಹೊಟ್ಟೆ ಮೇಲಿನ ಕರಿ ಮಚ್ಚೆಯೋ, ಹಿಂಗಾಲಿನ ಬಿಳಿ ಬೆರಳೋ. ಕೇಳಿಕೊಂಡು ಬಂದವರು ಅದನ್ನ ಹೇಳಬೇಕು. ತಳಿ ನಾಯಿ ಅಂದ್ರೆ ನನ್ನದು ಅನ್ನೋರು ನಾಲ್ಕು ಜನ ಬರ್ತಾರೆ. ಕಿವಿ ತುದಿಗೆ ಕಚ್ಚು ಇದ್ರೆ ಅದು ಸಂತಾನಹರಣ ಆದ ಬೀದಿನಾಯಿ, ನೀರಿಳಿದ ಮೇಲೆ ಸಿಕ್ಕ ಬೀದಿಗೇ ಬಿಡಬೇಕು. ಪೇಟೆ ನಾಯಿಯಾದ್ರೆ ಹೆಗಲ ನಡುವೆ ಮೈಕ್ರೋಚಿಪ್ ಇರಬಹುದು, 15 ಅಂಕಿ, ಸ್ಕ್ಯಾನರ್ ಇರೋ ಪಶು ಆಸ್ಪತ್ರೆಲಿ ಓದಿಸಿ.

ಇನ್ನೊಂದು. ಪ್ರಾಣಿ ಬಿಟ್ಟು ಬಂದವರಿಗೆ ಬೈಯಬೇಡಿ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಹೇಳೋದು ಸಕಾರಣ ಇಲ್ಲದೆ ಬಿಟ್ಟುಹೋದವರ ಬಗ್ಗೆ. ಮಕ್ಕಳು, ಮುದುಕರನ್ನ ಹೊತ್ಕೊಂಡು ರಾತ್ರೋರಾತ್ರಿ ಹೊರಟವರಿಗೆ ಕಾರಣ ಇದೆ. ಬೈದ್ರೆ ಪಕ್ಕದವರು ನಿಮ್ಮ ನೋಟ್‌ಬುಕ್ಕಿಗೆ ಹೆಸರೇ ಹೇಳಲ್ಲ.

ಹೊಳಿದಂಡಿ

ಎಲ್ಲಾರಿಗೂ ಭಾಳ ಉಪಕಾರ ಆತು. ಈ ಪಟ್ಟಿ ಹಾಕೀನಿ, ತಪ್ಪಿದ್ರ ಹೇಳ್ರಿ: ಜಾಕೆಟ್ 8, ಗಂಬೂಟು 8 ಜೋಡಿ, ನೈಲಾನ್ ಹಗ್ಗ 30 ಮೀಟರ್, ಬೋಲ್ಟ್ ಕಟರ್ 1, ಬಾಗು ಚಾಕು 2, ಕ್ರೇಟು 12, ಟ್ಯಾಗು 200, ಟವೆಲ್ 10, ಗೋಣಿ 20, ಟಾರ್ಚ್ 4, ಥರ್ಮಾಮೀಟರ್ 2, ಪೊವಿಡೋನ್, ಬ್ಯಾಂಡೇಜ್, ಪ್ಯಾರಸಿಟಮಾಲ್, ಬ್ಲೀಚಿಂಗ್ ಪೌಡರ್, ಮೇಣದ ಕಡ್ಡಿ, ನೋಟ್‌ಬುಕ್. ಮತ್ತ ಊರಾಗ ಮೊದಲ ಡಂಗುರ ಸಾರಸ್ತೀವಿ: ತರಾಕ ಆಗಲಿಲ್ಲ ಅಂದ್ರ ಕಣ್ಣಿ ಬಿಚ್ಚಿ, ಮಾಳಿಗಿ ಬಾಗಿಲಾ ತೆಗೆದು ಬರ್ರಿ ಅಂತ.

ದನದಡಾಕ್ಟರ್

ಡಂಗುರದ ವಿಚಾರ ಬಹಳ ಸರಿ, ಅದನ್ನು ಮುನ್ನೆಚ್ಚರಿಕೆ ಬಂದ ದಿನವೇ ಮಾಡಿ.

ಪಟ್ಟಿಯಲ್ಲಿ ಎರಡು ತಿದ್ದಿ. ನಾಯಿಗೆ ನೈಲಾನ್ ಹಗ್ಗ ಬೇಡ. ನೆನೆದಾಗ ಜಾರುತ್ತದೆ, ಎಳೆದಾಗ ನಿಮ್ಮ ಅಂಗೈ, ಅದರ ಕೊರಳು ಎರಡೂ ಸುಲಿಯುತ್ತದೆ. ಅದನ್ನು ದೋಣಿಗೆ ಇಟ್ಟುಕೊಳ್ಳಿ, ನಾಯಿಗೆ ಹತ್ತಿಯದು 24 ಮೀಟರ್ ತನ್ನಿ, 3 ಮೀಟರಿನ ಎಂಟು ತುಂಡು ಆಗುತ್ತದೆ. ಪ್ಯಾರಸಿಟಮಾಲನ್ನು ಪ್ರಾಣಿಗಳ ಪೆಟ್ಟಿಗೆಯಿಂದ ತೆಗೆದು ಮನುಷ್ಯರ ಪೆಟ್ಟಿಗೆಗೆ ಹಾಕಿ, ಬೆಕ್ಕಿಗೆ ಅರ್ಧ ಗುಳಿಗೆ ಸಾಕು ಸಾಯಲು. ಐಬುಪ್ರೊಫೆನ್, ಡೈಕ್ಲೋಫೆನಾಕ್ ನಾಯಿಗೂ ಬೇಡ, ಹೊಟ್ಟೆಯಲ್ಲಿ ಹುಣ್ಣಾಗಿ ಮೂತ್ರಪಿಂಡ ಕೆಡುತ್ತದೆ.

ಬ್ಲೀಚಿಂಗ್ ಪೌಡರ್ ಲೀಟರಿಗೆ 30 ಗ್ರಾಂ. ಮೊದಲು ಕೆಸರು, ಸಗಣಿ ಎಲ್ಲ ತೊಳೆದು ತೆಗೆಯಿರಿ, ಹೊಲಸಿನ ಮೇಲೆ ಹಾಕಿದರೆ ಅದರ ಶಕ್ತಿ ಅಲ್ಲೇ ಮುಗಿಯುತ್ತದೆ. ಹಾಕಿ 10 ನಿಮಿಷ ಬಿಟ್ಟು, ತೊಳೆದು, ನೆಲ ಪೂರ್ತಿ ಒಣಗಿದ ಮೇಲೆ ಮುಂದಿನ ಪ್ರಾಣಿಯನ್ನು ತನ್ನಿ. ಲಸಿಕೆಯ ಮೊದಲ ಡೋಸಿಗೆ ಎಂಟೂ ಜನ ಈ ವಾರವೇ ಹೋಗಿ ಬನ್ನಿ.